ನಿನ್ನ ಬೆಟ್ಟ ಯಾವುದು ಅಂತ ಕೇಳಿದರು: ಬಿಳಿಗಿರಿಯಿಂದ ನ್ಯೂಜಿಲೆಂಡಿಗೆ ಮೂರು ವಾರ (ಕೊನೆಯಲ್ಲಿ ಒಂದು ಸಹಾಯ ಬೇಕು)

ದೊಡ್ಡಸಂಪಿಗೆ:
ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಬರೀ ಓದ್ತಾ ಇದೀನಿ, ಬರೀತಿರೋದು ಇದೇ ಮೊದಲು. ನಾನು ಬಿಳಿಗಿರಿರಂಗನ ಬೆಟ್ಟದ ಒಂದು ಪೋಡಿನ, ಅಂದರೆ ಕಾಡಿನೊಳಗಿನ ಹಟ್ಟಿಯ, ಸೋಲಿಗರ ಹುಡುಗಿ. ಮೈಸೂರಲ್ಲಿ ಪರಿಸರ ವಿಜ್ಞಾನ ಎಂ.ಎಸ್ಸಿ. 2025ರ ಜೂನ್‌ನಲ್ಲಿ ಮೂರು ವಾರ ನ್ಯೂಜಿಲೆಂಡಿಗೆ ಹೋಗಿದ್ದೆ. ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರ ಊರುಗಳಲ್ಲಿ ಉಳಿದು ಅವರ ಕಾಡು, ಹೊಳೆ ನೋಡಿ ಕಲಿಯೋ ಪ್ರವಾಸ. ಖರ್ಚು ಅಲ್ಲಿನ ವಿಶ್ವವಿದ್ಯಾಲಯದ್ದು. ಬಂದಾಗಿನಿಂದ ಹಾಸ್ಟೆಲ್‌ನಲ್ಲಿ, ಬಸ್ಸಿನಲ್ಲಿ, ಪೋಡಿನಲ್ಲಿ ಎಲ್ಲರೂ 'ಹೆಂಗಿತ್ತು' ಅಂತಾರೆ, ನಾನು 'ಚೆನ್ನಾಗಿತ್ತು' ಅಂದು ಸುಮ್ಮನಾಗ್ತೀನಿ. ಇಲ್ಲಿ ಸ್ವಲ್ಪ ಉದ್ದ ಬರೀತೀನಿ, ಬೇಜಾರಾದ್ರೆ ಕೊನೆ ಪ್ಯಾರಾಗೆ ಹಾರಿ.

ಮೊದಲು ಜೇನಿನ ಕತೆ. ಹೊರಡೋ ದಿನ ಅಜ್ಜಿ ಅರ್ಧ ಲೀಟರ್ ಹೆಜ್ಜೇನಿನ ತುಪ್ಪ ಬಾಟಲಿಗೆ ಹಾಕಿ, ಮುಚ್ಚಳಕ್ಕೆ ಬಟ್ಟೆ ಕಟ್ಟಿ ಕೊಟ್ಟಳು. ಗೊತ್ತಿಲ್ಲದ ಮನೆಗೆ ಬರಿಗೈಲಿ ಹೋಗಬಾರದು ಅಂತ. ಆಕ್ಲೆಂಡ್‌ನಲ್ಲಿ ವಿಮಾನ ಇಳಿದರೆ ಅಲ್ಲಿ ಜೇನು ಒಳಗೆ ಬಿಡೋದೇ ಇಲ್ಲ. ಅವರ ಜೇನುಹುಳಕ್ಕೆ ಹೊರಗಿನ ರೋಗ ತಗಲಬಾರದು ಅಂತ ನಮ್ಮ ದೇಶದ ಜೇನು ಬೇಡ. ಫಾರಂನಲ್ಲಿ ಬರೆದಿದ್ದರಿಂದ ಬಚಾವ್, ಮುಚ್ಚಿಟ್ಟಿದ್ದರೆ 400 ಡಾಲರ್ ದಂಡ. ಅಧಿಕಾರಿ ತುಂಬಾ ಮರ್ಯಾದೆಯಿಂದ ಬಾಟಲಿ ಇಸಕೊಂಡು ಡಬ್ಬಕ್ಕೆ ಹಾಕಿದ. ಆಮೇಲೆ ನನ್ನ ಶೂ ಕೇಳಿದ. ಅಂಚಲ್ಲಿ ಬೆಟ್ಟದ ಮಣ್ಣು ಅಂಟಿತ್ತು. ಒಳಗೆ ಒಯ್ದು ತೊಳೆದು ತಂದುಕೊಟ್ಟ. ಜೇನೂ ಹೋಯ್ತು, ಮಣ್ಣೂ ಹೋಯ್ತು, ಬರಿಗೈಲೇ ಹೋದೆ.

ಎರಡನೇ ದಿನ ಮರಾಯ್‌ಗೆ ಕರೆದುಕೊಂಡು ಹೋದರು. ಮರಾಯ್ ಅಂದರೆ ಒಂದು ಕುಲದವರು ಸೇರೋ ಜಾಗ, ಮುಂದೆ ಅಂಗಳ, ಹಿಂದೆ ಮರದ ಕೆತ್ತನೆಯ ದೊಡ್ಡ ಮನೆ. ಹೊರಗಿನವರು ಸೀದಾ ನುಗ್ಗೋ ಹಾಗಿಲ್ಲ. ಗೇಟಿನ ಹೊರಗೆ ನಿಲ್ಲಬೇಕು. ಒಳಗಿಂದ ಒಬ್ಬ ಹೆಂಗಸು ನೀಳವಾದ ದನಿಯಲ್ಲಿ ಕರೀತಾಳೆ. ನಮ್ಮ ಕಡೆಯಿಂದಲೂ ಹೆಂಗಸೇ ಓಗೊಡಬೇಕು. ಅರ್ಧ ದಾರಿಯಲ್ಲಿ ಒಮ್ಮೆ ನಿಂತು ಎರಡೂ ಕಡೆಯ ಸತ್ತವರನ್ನ ನೆನೀತಾರೆ. ಆಮೇಲೆ ಮೂಗಿಗೆ ಮೂಗು, ಹಣೆಗೆ ಹಣೆ ತಾಗಿಸೋ ಹೋಂಗಿ. ನನಗೆ ಮೊದಲೆರಡು ಸಲ ಮುಜುಗರ ಆಗಿ ಹಣೆ ಡಿಕ್ಕಿ ಹೊಡೆಸಿಬಿಟ್ಟೆ.

ಆಮೇಲೆ ನಮ್ಮ ಪರಿಚಯ ಹೇಳಿಕೊಳ್ಳಬೇಕು. ಅವರಲ್ಲಿ ಹೆಸರು ಕೊನೆಗೆ ಬರೋದು. ಮೊದಲು ನಿನ್ನ ಬೆಟ್ಟ ಯಾವುದು, ನಿನ್ನ ಹೊಳೆ ಯಾವುದು, ನಿನ್ನ ಹಿರಿಯರು ಬಂದ ದೋಣಿ ಯಾವುದು, ಕುಲ ಯಾವುದು. ನನ್ನನ್ನ ಇಲ್ಲಿ ತನಕ ಜನ ಕೇಳಿರೋದು ಜಾತಿ ಸರ್ಟಿಫಿಕೇಟಿನ ಆರ್‌.ಡಿ. ನಂಬರು. ಗಂಟಲು ಕಟ್ಟಿತು. ಹೇಗೋ ಹೇಳಿದೆ: ನನ್ನ ಬೆಟ್ಟ ಬಿಳಿಗಿರಿ, ನನ್ನ ಹೊಳೆ ಭಾರ್ಗವಿ, ನಾವು ದೋಣೀಲಿ ಬಂದೋರಲ್ಲ, ಅಲ್ಲೇ ಇದ್ದೋರು, ಬೆಟ್ಟದ ಮೇಲಿರೋ ರಂಗಪ್ಪ ನಮ್ಮ ಹೆಣ್ಣುಮಗಳನ್ನ ಮದುವೆ ಆಗಿರೋದರಿಂದ ನಮಗೆ ಭಾವ ಆಗಬೇಕು. ಇಡೀ ಮನೆ ನಕ್ಕಿತು. ಗೇಲಿ ಮಾಡಿ ಅಲ್ಲ, 'ಓ, ಹಾಗೆಯೋ' ಅನ್ನೋ ನಗು. ಒಬ್ಬ ಅಜ್ಜ ಎದ್ದು, ನಮ್ಮ ಬೆಟ್ಟಗಳಿಗೂ ಹೆಂಡತಿಯ ಜಗಳ ಆಗಿದೆ ಅಂದರು. ತೊಂಗಾರಿರೊ, ತಾರನಾಕಿ ಎರಡೂ ಪಿಹಾಂಗ ಅನ್ನೋ ಬೆಟ್ಟಕ್ಕಾಗಿ ಹೊಡೆದಾಡಿ, ಸೋತ ತಾರನಾಕಿ ನೆಲ ಸೀಳಿಕೊಂಡು ಪಡುವಣ ಕಡಲ ಕಡೆ ಓಡಿತಂತೆ. ಆ ಸೀಳಿನಲ್ಲಿ ಹರಿದದ್ದೇ ವಾಂಗನುಯಿ ನದಿ. ಮಾತು ಮುಗಿದ ಮೇಲೆ ಹಾಡಬೇಕು, ಹಾಡಿಲ್ಲದೆ ಮಾತು ಪೂರ್ತಿ ಆಗಲ್ಲ. ಪೋಡಿನಲ್ಲಿ ಕುಣಿಯುವಾಗ ಹಾಡೋದನ್ನ ಎರಡು ಸಾಲು ಹಾಡಿದೆ. ಶ್ರುತಿ ತಪ್ಪಿತ್ತು.

ಕಾಡಿನ ಬಗ್ಗೆ. ತೆ ಉರೆವೆರಾ ಅನ್ನೋ ಕಡೆ ಐದು ದಿನ ಇದ್ವಿ. ಅಲ್ಲಿನ ತೂಹೋಯೆ ಜನರನ್ನ ಮಂಜಿನ ಮಕ್ಕಳು ಅಂತಾರೆ. ಬೆಳಗ್ಗೆ ಎದ್ದರೆ ನಮ್ಮ ಬೆಟ್ಟದ ಹಾಗೇ ಮಂಜು. ಆದರೆ ಮೊದಲ ರಾತ್ರಿ 'ಬಾ, ಗೂಬೆ ಕೂಗೋದು ಕೇಳೋಣ' ಅಂತ ಟಾರ್ಚ್ ಹಿಡಿದು ಹೊರಟಾಗ ನನ್ನ ಕಾಲೇ ಏಳಲಿಲ್ಲ. ಕತ್ತಲಾದ ಮೇಲೆ ಕಾಡಿಗೆ ಹೋಗೋದಾ? ಅಲ್ಲಿ ಆನೆ ಇಲ್ಲ, ಕರಡಿ ಇಲ್ಲ, ಹಾವು ಕೂಡ ಇಲ್ಲ. ಬಾವಲಿ ಬಿಟ್ಟರೆ ಆ ನೆಲಕ್ಕೆ ಸೇರಿದ ಸಸ್ತನಿಯೇ ಇಲ್ಲ. ಗೊತ್ತಿದ್ದರೂ ಐದು ದಿನವೂ ನನ್ನ ಕಿವಿ ಬಿದಿರು ಮುರಿಯೋ ಸದ್ದಿಗೆ ಕಾಯ್ತಾನೇ ಇತ್ತು. ಭಯ ಇಲ್ಲದ ಕಾಡಲ್ಲಿ ನಡೆಯೋದು ಉಪ್ಪಿಲ್ಲದ ಸಾರು ಉಂಡ ಹಾಗೆ. ಅಭ್ಯಾಸ ಆಗಲೇ ಇಲ್ಲ.

ಇನ್ನೊಂದು. ಹರಾಕೆಕೆ ಅಂತ ಕತ್ತಾಳೆ ಥರದ ಗಿಡ, ಅದರ ಎಲೆ ಸೀಳಿ ಬುಟ್ಟಿ, ಚಾಪೆ ಹೆಣೀತಾರೆ. ನಡುವಿನ ಎಳೆ ಸುಳಿ ಮಗು. ಅದರ ಎರಡೂ ಪಕ್ಕದ ಎಲೆ ಅಪ್ಪ ಅಮ್ಮ. ಅವನ್ನ ಮುಟ್ಟಬಾರದು, ಹೊರಗಿನ ಅಜ್ಜಿ ತಾತನ ಎಲೆ ಮಾತ್ರ ಕೊಯ್ಯಬೇಕು. ಮಳೆಯಲ್ಲಿ ಕೊಯ್ಯಬಾರದು, ರಾತ್ರಿ ಕೊಯ್ಯಬಾರದು. ಹೇಳಿಕೊಟ್ಟ ಹೆಂಗಸಿಗೆ ನಾನು ಹೇಳಿದೆ, ನಾವು ನೂರೆ ಗೆಣಸು ಅಗೆದರೆ ಬಳ್ಳಿಯ ತಲೆಭಾಗ ಮತ್ತೆ ಹೂತು ಬರ್ತೀವಿ, ಜೇನು ಕಿತ್ತರೆ ಮರಿಹುಳದ ಪಾಲು ಬಿಟ್ಟು ಬರ್ತೀವಿ ಅಂತ. ಆಕೆಗೆ ಆಶ್ಚರ್ಯ ಆಗಲಿಲ್ಲ. 'ಮತ್ತಿನ್ನೇನು ಮಾಡ್ತಾರೆ' ಅನ್ನೋ ಹಾಗೆ ನೋಡಿ ಹೆಣಿಗೆ ಮುಂದುವರಿಸಿದಳು. ಪ್ರವಾಸದಲ್ಲಿ ನನಗೆ ಅತೀ ಇಷ್ಟವಾದ ಗಳಿಗೆ ಅದು.

ಜೂನ್ 20ಕ್ಕೆ ಅವರ ಮಾತಾರಿಕಿ, ಅಂದರೆ ಹೊಸ ವರ್ಷ. ಅದೇ ಹೆಸರಿನ ನಕ್ಷತ್ರದ ಗೊಂಚಲು ಬೆಳಗಿನ ಜಾವ ಮತ್ತೆ ಕಾಣಿಸಿದಾಗ ಆಚರಿಸ್ತಾರೆ. ನಡುಗೋ ಚಳಿಯಲ್ಲಿ ಎದ್ದು ಬೆಟ್ಟದ ಮೇಲೆ ನಿಂತ್ವಿ. ವರ್ಷದಲ್ಲಿ ತೀರಿಕೊಂಡವರ ಹೆಸರು ಒಬ್ಬೊಬ್ಬರಾಗಿ ಕೂಗಿ ಹೇಳ್ತಾರೆ, ಬೇಯಿಸಿದ ಊಟದ ಹಬೆ ನಕ್ಷತ್ರಕ್ಕೆ ಬಿಡ್ತಾರೆ. ನನ್ನ ಸರದಿಗೆ ತಾತನ ಹೆಸರು ಹೇಳಿದೆ. ಮಾರ್ಚ್‌ನಲ್ಲಿ ಹೋದರು.

ಈಗ ಸಹಾಯ. ಬೆಟ್ಟದ ಜಗಳದ ಕತೆ ಹೇಳಿದ ಅಜ್ಜ ಮತ್ತು ಅವರ ಮೊಮ್ಮಗಳು ಡಿಸೆಂಬರ್‌ನಲ್ಲಿ ಬರ್ತಾರೆ. ಪೋಡಿನಲ್ಲಿ, ನಮ್ಮ ಮನೇಲೇ ಉಳಿಸಿಕೊಳ್ಳಬೇಕು ಅಂತ ಅಜ್ಜಿ ಹಟ. ಹುಲಿ ಸಂರಕ್ಷಿತ ಪ್ರದೇಶದೊಳಗಿನ ಮನೆ. ವಿದೇಶದವರನ್ನ ಉಳಿಸಿಕೊಳ್ಳೋಕೆ ಯಾರ ಹತ್ತಿರ ಏನು ಕೇಳಬೇಕು? ಗೊತ್ತಿದ್ದವರು ಹೇಳಿ.

ಗುಂಡ್ಲುಪೇಟೆ ಮೇಷ್ಟ್ರು:
ಮಗಳೇ, ಓದಿ ಹೊಟ್ಟೆ ತುಂಬಿತು. ನಿನ್ನ ಪ್ರಶ್ನೆಗೆ ಉತ್ತರ ನನ್ನಲ್ಲಿಲ್ಲ, ಆದರೆ ಒಂದು ಮಾತು ಸೇರಿಸುತ್ತೇನೆ. ನೀನು ನೋಡಿದ ಆ ನಕ್ಷತ್ರದ ಗೊಂಚಲು ನಮ್ಮ ಕೃತ್ತಿಕೆಯೇ. ನಮ್ಮ ರೈತರು ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು ಮಳೆ ಎಣಿಸುತ್ತಾರಲ್ಲ, ಆ ಎಣಿಕೆಯಲ್ಲಿ ಕೃತ್ತಿಕೆ ಮಳೆ ಬರುವುದು ಮೇ ತಿಂಗಳ ನಡುವಿನಲ್ಲಿ, ಸೂರ್ಯ ಆ ನಕ್ಷತ್ರದಲ್ಲಿ ಇರುವಾಗ. ಅಂದರೆ ಆ ಹದಿಮೂರು ಹದಿನಾಲ್ಕು ದಿನ ಕೃತ್ತಿಕೆ ಸೂರ್ಯನ ಬೆಳಕಿನಲ್ಲಿ ಮುಳುಗಿ ಕಣ್ಣಿಗೆ ಕಾಣುವುದೇ ಇಲ್ಲ. ಅದು ಕಾಣದಿರುವಾಗ ನಾವು ಹೊಲ ಉಳುತ್ತೇವೆ, ಮರಳಿ ಕಂಡಾಗ ಅವರು ವರ್ಷ ಆರಂಭಿಸುತ್ತಾರೆ. ಮೂವತ್ತು ವರ್ಷ ಪಾಠ ಹೇಳಿದ್ದೇನೆ, ಇದನ್ನು ಹೀಗೆ ಜೋಡಿಸಿ ನೋಡಿರಲಿಲ್ಲ.

ಹಾಡಿಹುಡುಗ:
ಅಕ್ಕಾ, ನಾನು ಎಚ್.ಡಿ. ಕೋಟೆ ಕಡೆಯವನು, ಜೇನುಕುರುಬ. ಬಿ.ಎ. ಕೊನೇ ವರ್ಷ. ಪಾಸ್‌ಪೋರ್ಟ್ ಹೆಂಗೆ ಮಾಡಿಸಿದ್ರಿ? ನನ್ನತ್ರ ಜನನ ಪ್ರಮಾಣಪತ್ರ ಇಲ್ಲ, ಹಾಡೀಲಿ ಹುಟ್ಟಿದ್ದು.

ದೊಡ್ಡಸಂಪಿಗೆ:
ತಮ್ಮಾ, ನನಗೂ ಇರಲಿಲ್ಲ. 2016ರ ಕೊನೆಯಲ್ಲಿ ನಿಯಮ ಸಡಿಲ ಮಾಡಿದಾರೆ, ಈಗ ಶಾಲೆಯ ಟಿ.ಸಿ., ಮಾರ್ಕ್ಸ್ ಕಾರ್ಡ್, ಪಾನ್ ಇವುಗಳಲ್ಲಿ ಹುಟ್ಟಿದ ತಾರೀಖು ಇದ್ದರೆ ನಡೆಯುತ್ತೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಮಾತ್ರ ಜನನ ಪ್ರಮಾಣಪತ್ರವೇ ಬೇಕು. ಎಲ್ಲ ಕಾಗದದಲ್ಲೂ ಹೆಸರು ಒಂದೇ ಥರ ಇದೆಯಾ ಅಂತ ಮೊದಲು ನೋಡ್ಕೊ. ನನಗೆ ಆಧಾರ್‌ನಲ್ಲಿ ಅಪ್ಪನ ಹೆಸರು ಒಂದು ಥರ, ಟಿ.ಸಿ.ಯಲ್ಲಿ ಇನ್ನೊಂದು ಥರ. ಅದನ್ನ ಸರಿಮಾಡಿಸೋಕೇ ಎರಡೂವರೆ ತಿಂಗಳು ಹೋಯ್ತು. ಹುಟ್ಟಿದ ದಿನ ಅಂತೂ ಜೂನ್ 1, ನಮ್ಮ ಪೋಡಿನ ಅರ್ಧ ಮಕ್ಕಳ ಹಾಗೆ. ಶಾಲೆಗೆ ಸೇರಿಸಿಕೊಂಡ ಮೇಷ್ಟ್ರು ಕೊಟ್ಟ ವರ. ಪೊಲೀಸ್ ವೆರಿಫಿಕೇಷನ್‌ಗೆ ಬಂದವರು ಡೋರ್ ನಂಬರ್ ಕೇಳಿದರು, ಬಾಗಿಲಿದೆ ನಂಬರಿಲ್ಲ ಅಂದೆ.

ದುಡ್ಡಿನ ವಿಚಾರ: ನನ್ನದು ಸಣ್ಣ ಪ್ರವಾಸ, ಅವರೇ ಕೊಟ್ಟರು. ಓದೋಕೇ ಹೋಗೋದಾದರೆ ಕೇಂದ್ರ ಬುಡಕಟ್ಟು ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ಇಡೀ ದೇಶಕ್ಕೆ ವರ್ಷಕ್ಕೆ 20 ಮಾತ್ರ. ಅದರಲ್ಲಿ 3 ವಿಶೇಷ ದುರ್ಬಲ ಬುಡಕಟ್ಟುಗಳಿಗೆ ಮೀಸಲು. ನಮ್ಮ ರಾಜ್ಯದಲ್ಲಿ ಆ ಪಟ್ಟೀಲಿ ಇರೋದು ಜೇನುಕುರುಬರು, ಕೊರಗರು. ನೀನು ಅದರಲ್ಲಿ ಬರ್ತೀಯ, ನಾನು ಬರಲ್ಲ. ಎಂ.ಎ.ಗೆ ಹಾಕೋ ಯೋಚನೆ ಇದ್ದರೆ ಈಗಲೇ ತಯಾರಿ ಶುರು ಮಾಡು.

ಹಾಡಿಹುಡುಗ:
3 ಅಂದ್ರೆ ಇಡೀ ಇಂಡಿಯಾಗೆ 3 ಆ?

ದೊಡ್ಡಸಂಪಿಗೆ:
ಹೂಂ.

ನೇರಮಾತು:
ಯಾರೂ ಹೇಳದ್ದನ್ನ ನಾನು ಹೇಳ್ತೀನಿ. ಇಂಥ 'ವಿನಿಮಯ'ಗಳೆಲ್ಲ ಆ ವಿಶ್ವವಿದ್ಯಾಲಯಗಳ ಕೈಪಿಡಿಯಲ್ಲಿ ಫೋಟೋ ಹಾಕೋಕೆ. ಒಬ್ಬ ಆದಿವಾಸಿ ಹುಡುಗಿ, ಪಕ್ಕದಲ್ಲಿ ಇನ್ನೊಬ್ಬ ಆದಿವಾಸಿ, ಹಿಂದೆ ಮರ. ಮೂರು ವಾರ ಕುಣಿದು ಹಾಡಿ ಬಂದರೆ ಪೋಡಿಗೆ ಏನು ಬಂತು? ಅದೇ ದುಡ್ಡಲ್ಲಿ ಇಲ್ಲಿ ಹತ್ತು ಮಕ್ಕಳು ಓದ್ತಿದ್ದರು. ವೈಯಕ್ತಿಕವಾಗಿ ತಗೋಬೇಡಿ.

ದೊಡ್ಡಸಂಪಿಗೆ:
ತಗೊಂಡೆ, ಪರವಾಗಿಲ್ಲ. ನೀವು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ನಗರದಲ್ಲಿ ಒಂದು ಸಂಜೆ ಊಟಕ್ಕೆ ಕರೆದು, 'ಸಾಂಪ್ರದಾಯಿಕ ಉಡುಗೆಯಲ್ಲಿ ಬನ್ನಿ' ಅಂತ ಮೇಲ್ ಕಳಿಸಿದ್ದರು. ನಾನು ಚಾಮರಾಜನಗರದ ಸಂತೇಲಿ ಕೊಂಡ ಚೂಡಿದಾರ್ ಹಾಕ್ಕೊಂಡು ಹೋದೆ. ಯಾರೋ ಒಬ್ಬರು 'ನೀವು ಈಗಲೂ ಬೇಟೆ ಆಡ್ತೀರಾ' ಅಂದರು, ಇನ್ನೊಬ್ಬರು ನನ್ನ ಜೊತೆ ಐದು ಸೆಲ್ಫಿ ತಗೊಂಡು ಹೆಸರು ಕೇಳದೆ ಹೋದರು. ಅದು ಆ ಸಂಜೆ. ಮರಾಯ್‌ನಲ್ಲಿ ಹಾಗಿರಲಿಲ್ಲ. ಅಲ್ಲಿ ಎರಡನೇ ದಿನಕ್ಕೇ ಪಾತ್ರೆ ತೊಳೆಯೋಕೆ ಹಚ್ಚಿದರು. ದೊಡ್ಡ ಮನೆಯೊಳಗೆ ಸಾಲಾಗಿ ಹಾಸಿಗೆ ಹಾಸಿ ಎಲ್ಲರೂ ಒಟ್ಟಿಗೆ ಮಲಗೋದು. ಗೊರಕೆ ಹೊಡೆಯೋ ಪ್ರೊಫೆಸರ್ ಪಕ್ಕದಲ್ಲೇ ನನ್ನ ಹಾಸಿಗೆ. ದಿಂಬಿನ ಮೇಲೆ ಕೂತೆ ಅಂತ ಬೈಸಿಕೊಂಡೆ, ತಲೆ ಇಡೋ ಜಾಗದ ಮೇಲೆ ಕೂರಬಾರದು. ನೆಂಟರನ್ನ ಪ್ರದರ್ಶನಕ್ಕೆ ಇಟ್ಟವರು ಬೈಯಲ್ಲ ಅಲ್ವಾ.

ಪೋಡಿಗೆ ಏನು ಬಂತು ಅನ್ನೋದಕ್ಕೆ ನನ್ನತ್ರ ಉತ್ತರ ಇಲ್ಲ. ಡಿಸೆಂಬರ್ ಆದಮೇಲೆ ಕೇಳಿ.

ಆಕ್ಲೆಂಡಿನ ಅಣ್ಣ:
ತಂಗಿ, ಮೊದಲು ನನ್ನದೊಂದು ತಪ್ಪೊಪ್ಪಿಗೆ. ಇಲ್ಲಿ ಹದಿನಾಲ್ಕು ವರ್ಷದಿಂದ ಇದೀನಿ. ಯುಗಾದಿ, ಗಣೇಶ, ರಾಜ್ಯೋತ್ಸವ ಒಂದೂ ತಪ್ಪಿಸಿಲ್ಲ. ಮರಾಯ್ ಒಳಗೆ ಕಾಲಿಟ್ಟದ್ದು ಹೋದ ವರ್ಷ, ಅದೂ ಮಗಳ ಶಾಲೆಯವರು ಪೋಷಕರನ್ನ ಕರೆದರು ಅಂತ. ಮಗಳು ನಮ್ಮ ಬೆಟ್ಟ ಯಾವುದಪ್ಪಾ ಅಂದಾಗ ನನಗೆ ಹೊಳೆದದ್ದು ಬನಶಂಕರಿ ಎರಡನೇ ಹಂತ. ನಮ್ಮ ತಂದೆ ಊರು ಮಧುಗಿರಿ. ಏಕಶಿಲಾ ಬೆಟ್ಟ ಕಣ್ಣೆದುರೇ ಇತ್ತು, ನೆನಪಾಗಲಿಲ್ಲ ನೋಡಿ.

ಆದರೆ ಇಲ್ಲಿ ಎಲ್ಲ ಸರಿ ಇದೆ ಅಂತ ಓದುಗರು ತಿಳಿಯೋದು ಬೇಡ. ಮಾವೊರಿ ಮುಖಂಡರಿಗೂ ಬ್ರಿಟಿಷರಿಗೂ ಆದ 1840ರ ವೈತಾಂಗಿ ಒಪ್ಪಂದದ ಅರ್ಥವನ್ನೇ ಹೊಸದಾಗಿ ಬರೆಯೋ ಮಸೂದೆ 2024ರಲ್ಲಿ ಬಂತು. ಆ ನವೆಂಬರ್‌ನಲ್ಲಿ ಹತ್ತಾರು ಸಾವಿರ ಜನ ವೆಲಿಂಗ್ಟನ್ ಸಂಸತ್ತಿನ ಮುಂದೆ ಸೇರಿದ್ದರು. ನೀವು ಬರೋದಕ್ಕೆ ಎರಡು ತಿಂಗಳು ಮುಂಚೆ, ಏಪ್ರಿಲ್‌ನಲ್ಲಿ, 112ಕ್ಕೆ 11 ಮತಗಳಲ್ಲಿ ಅದು ಬಿದ್ದಿತು. ನೀವು ಉಳಿದ ತೆ ಉರೆವೆರಾ 1954ರಿಂದ ರಾಷ್ಟ್ರೀಯ ಉದ್ಯಾನ ಆಗಿತ್ತು. 2014ರ ಕಾನೂನಿನಲ್ಲಿ ಆ ಪಟ್ಟ ತೆಗೆದು, ಕಾಡೇ ಒಬ್ಬ ವ್ಯಕ್ತಿ ಅಂತ ಮಾಡಿದರು. ಅದರ ಪರವಾಗಿ ಮಾತಾಡೋ ಮಂಡಳಿಯಲ್ಲಿ ಈಗ 9 ಜನರಲ್ಲಿ 6 ಮಂದಿ ತೂಹೋಯೆಯವರೇ. ಚೆನ್ನಾಗಿದೆ. ಆದರೆ 2022ರಲ್ಲಿ ಅವರ ಆಡಳಿತದವರು ಕಾಡಿನ ಹಳೇ ತಂಗುಮನೆಗಳನ್ನ ಕೆಡವಲು, ಸುಡಲು ಶುರು ಮಾಡಿದಾಗ ಚಾರಣದವರು, ಬೇಟೆಗಾರರು ಮಾತ್ರ ಅಲ್ಲ, ತೂಹೋಯೆಯವರಲ್ಲೇ ಕೆಲವರು ತಿರುಗಿಬಿದ್ದು ಹೈಕೋರ್ಟಿನ ಮೆಟ್ಟಿಲು ಹತ್ತಿದರು. ಅಧಿಕಾರ ಕೈಗೆ ಬಂದ ಮೇಲೆ ಮನೆಯೊಳಗಿನ ಜಗಳ ಎಲ್ಲಾ ಕಡೆಯೂ ಇರುತ್ತೆ.

ದೊಡ್ಡಸಂಪಿಗೆ:
ಅಣ್ಣಾ, ತಂಗುಮನೆ ಜಗಳದ ಸುದ್ದಿ ಅಲ್ಲಿ ಅಡುಗೆಮನೆಯಲ್ಲಿ ಕೇಳಿದೆ. ಎರಡು ಬಣ, ಎರಡೂ ಜೋರು. ನಮ್ಮ ಗ್ರಾಮಸಭೆ ನೆನಪಾಯ್ತು.

ಹಳೇ ವಾಚರ್:
ನಮಸ್ಕಾರ ಕಣವ್ವ. ನಾನು ಅರಣ್ಯ ಇಲಾಖೇಲಿ ಮೂವತ್ತೊಂದು ವರ್ಷ ಇದ್ದು ರಿಟೈರ್ ಆದೋನು. ನಿಮ್ಮ ಕಡೆ ಕಾಡಲ್ಲೂ ಕೆಲಸ ಮಾಡಿದೀನಿ. ಮೊಬೈಲಲ್ಲಿ ಬರೆಯೋದು ಕಷ್ಟ, ತಪ್ಪಿದ್ರೆ ಮನ್ನಿಸಿ.

ನಿಮ್ಮೋರು ತರಗು ಬೆಂಕಿ ಹಾಕ್ತಿದ್ದರು. ಬೇಸಗೆ ಬಲಿಯೋಕೆ ಮುಂಚೆ, ತರಗೆಲೆ ಇನ್ನೂ ಅರೆಒಣಗಿರೋವಾಗ, ನೆಲದ ಮೇಲೆ ಸರಸರ ಹರಿದುಹೋಗೋ ಸಣ್ಣ ಬೆಂಕಿ. ಮರಕ್ಕೆ ಏನೂ ಆಗ್ತಿರಲಿಲ್ಲ. 1974ರಲ್ಲಿ ಅಭಯಾರಣ್ಯ ಆದಮೇಲೆ ಅದು ಅಪರಾಧ. ಕೇಸು ಹಾಕಿದೋರಲ್ಲಿ ನಾನೂ ಒಬ್ಬ. ನಿಮ್ಮ ತಾತಂದಿರ ವಯಸ್ಸಿನೋರನ್ನ ರೇಂಜ್ ಆಫೀಸ್ ಮುಂದೆ ಕೂರಿಸಿದೀನಿ. ಆಗ ಒಬ್ಬ ತಮ್ಮಡಿ, ಅಂದ್ರೆ ನಿಮ್ಮೋರ ಪೂಜಾರಿ, ನನಗೆ ಹೇಳಿದ್ದ, 'ಸ್ವಾಮಿ, ಬೆಂಕಿ ನಿಲ್ಸಿದ್ರೆ ರೋಜವಾಳ ಮೇಲೆ ಬತ್ತದೆ, ನೆಲ್ಲಿ ಮರಕ್ಕೆ ಉಪ್ಪಿಲು ಹತ್ತದೆ' ಅಂತ. ನಗಾಡಿದ್ವಿ. ಈಗ ಹೋಗಿ ನೋಡಿ, ರೋಜವಾಳ ಅಂದ್ರೆ ಲಂಟಾನ ಆಳೆತ್ತರ, ಆನೆ ನಿಂತರೂ ಕಾಣಲ್ಲ. ನೆಲ್ಲಿ ಕೊಂಬೆ ತುಂಬ ಉಪ್ಪಿಲು, ಅಂದ್ರೆ ಬಂದಳಿಕೆ, ಕೂತು ಮರವೇ ಒಣಗ್ತಾವೆ. ಒಣಗಿದ ಲಂಟಾನಕ್ಕೆ ಏಪ್ರಿಲಲ್ಲಿ ಬೆಂಕಿ ಬಿದ್ದರೆ ಅದು ತರಗು ಬೆಂಕಿ ಅಲ್ಲ, ಮರದ ನೆತ್ತಿಗೇ ಏರೋ ಬೆಂಕಿ. ವಿಜ್ಞಾನಿಗಳೂ ಬಂದು ಈ ಬಗ್ಗೆ ಅಧ್ಯಯನ ಮಾಡಿ ಬರೆದವ್ರೆ. ಲಂಟಾನ ಬೆಂಕಿ ಒಂದರಿಂದಲೇ ಬಂತು ಅಂತ ನಾನು ಹೇಳಲ್ಲ, ಬೇರೆ ಕಾರಣಾನೂ ಐತೆ. ಆದರೆ ತಮ್ಮಡಿ ಮಾತು ಕೇಳಿಸಿಕೋಬೋದಿತ್ತು.

ನೀವು ಹೋದ ದೇಶದಲ್ಲಿ ಇಲಾಖೆಯೋರು ಹೆಂಗವ್ರೆ?

ದೊಡ್ಡಸಂಪಿಗೆ:
ಸರ್, ನಿಮ್ಮ ಬರಹ ಎರಡು ಸಲ ಓದಿದೆ. ನನ್ನ ತಾತನೂ ಒಂದು ಸಲ ಕೂತಿದ್ದರು, ಯಾವ ರೇಂಜ್ ಅಂತ ಗೊತ್ತಿಲ್ಲ, ಕೇಳೋಕೂ ಈಗ ಅವರಿಲ್ಲ. ನೀವು ಬರೆದದ್ದಕ್ಕೆ ಥ್ಯಾಂಕ್ಸ್ ಅನ್ನಬೇಕೋ ಏನನ್ನಬೇಕೋ ತಿಳೀತಿಲ್ಲ.

ನೀವು ಕೇಳಿದ್ದಕ್ಕೆ ಎರಡು ಘಟನೆ ಹೇಳ್ತೀನಿ. ಉತ್ತರದ ವೈಪೊವಾ ಕಾಡಲ್ಲಿ ತಾನೆ ಮಹುತಾ ಅಂತ ಒಂದು ಕೌರಿ ಮರ ಇದೆ. 45 ಮೀಟರ್‌ಗೂ ಹೆಚ್ಚು ಎತ್ತರ, ಸುತ್ತಳತೆ 13 ಮೀಟರ್ ಮೇಲೆ. ನಮ್ಮ ಬೆಟ್ಟದ ದೊಡ್ಡ ಸಂಪಿಗೆ ಮರದ ಹಾಗೇ ಅದೂ ದೇವರು, ಕಾಡಿನ ದೇವರ ಹೆಸರೇ ಮರಕ್ಕೆ. ಮಣ್ಣಿನಲ್ಲಿ ಹರಡೋ ಒಂದು ಬೇರುಕೊಳೆ ರೋಗ ಕೌರಿ ಮರಗಳನ್ನ ಕೊಲ್ತಾ ಇದೆ. ಅದಕ್ಕೇ ಕಾಡಿನ ಬಾಗಿಲಲ್ಲಿ ಬ್ರಷ್, ಔಷಧಿ ನೀರು. ಚಪ್ಪಲಿ ಉಜ್ಜಿ ತೊಳೆದೇ ಒಳಗೆ ಹೋಗಬೇಕು. ನಾವು ದೇವರ ಹತ್ತಿರ ಚಪ್ಪಲಿ ಬಿಟ್ಟು ಹೋಗ್ತೀವಿ, ಅವರು ತೊಳೆದು ಹೋಗ್ತಾರೆ. ಅಲ್ಲಿ ನಿಂತು ಕಾಯೋದು ಆ ಕುಲದ ಹುಡುಗರೇ, ಅದೇ ಅವರ ನೌಕರಿ. ಆಕ್ಲೆಂಡ್ ಹತ್ತಿರದ ವೈತಾಕೆರೆ ಕಾಡಿಗೆ 2017ರ ಡಿಸೆಂಬರ್‌ನಲ್ಲಿ ಅಲ್ಲಿನ ಕುಲದವರೇ 'ಯಾರೂ ಬರಬೇಡಿ, ಕಾಡಿಗೆ ಹುಷಾರಿಲ್ಲ' ಅಂತ ರಾಹುಯಿ, ಅಂದರೆ ಕಟ್ಟು, ಹಾಕಿದರು. ನಗರಪಾಲಿಕೆಯ ಮುಚ್ಚೋ ಆದೇಶ ಬಂದದ್ದು ಅದಾದ ಮೇಲೆ.

ಎರಡನೇದು ನಿಮಗೆ ನಗು ಬರಬಹುದು. ಅಲ್ಲಿ ಶಾಲೆ ಮಕ್ಕಳು ಕಾಡಲ್ಲಿ ಬೋನು ಇಡ್ತಾರೆ! ಪಾಸಮ್ ಅನ್ನೋ ಪ್ರಾಣಿಯನ್ನ 1837ರಲ್ಲಿ ತುಪ್ಪಳಕ್ಕಾಗಿ ಆಸ್ಟ್ರೇಲಿಯಾದಿಂದ ತಂದುಬಿಟ್ಟರು, ಅದು ಮರದ ಚಿಗುರೂ ತಿನ್ನುತ್ತೆ, ಹಕ್ಕಿಯ ಮೊಟ್ಟೆಯನ್ನೂ ಬಿಡಲ್ಲ. 2050ರೊಳಗೆ ಪಾಸಮ್, ಇಲಿ, ಮುಂಗುಸಿ ಥರದ ಸ್ಟೋಟ್ ಎಲ್ಲ ಇಲ್ಲವಾಗಿಸಬೇಕು ಅಂತ ಸರಕಾರದ್ದೇ ಯೋಜನೆ. ಹತ್ತು ವರ್ಷದ ಹುಡುಗಿ ನನಗೆ ಬೋನು ಹೂಡೋದು ಹೇಳಿಕೊಟ್ಟಳು. ನಮ್ಮ ಪೋಡಿನಲ್ಲಿ ಉರುಳು ಅನ್ನೋ ಪದ ಜೋರಾಗಿ ಹೇಳೋಕೇ ಹೆದರ್ತಾರೆ. ನಾನು ಆ ಬೋನು ಮುಟ್ಟುವಾಗ ಹಿಂದೆ ತಿರುಗಿ ನೋಡಿದೆ ಸರ್, ಅಭ್ಯಾಸಬಲ.

ಹಳೇ ವಾಚರ್:
ನಗು ಬರಲಿಲ್ಲ ಕಣವ್ವ.

ಕರಿಕೋಟು:
ಕಾನೂನಿನ ಕಡೆಯಿಂದ ಎರಡು ಮಾತು. ವಾಂಗನುಯಿ ನದಿಗಾಗಿ ಅಲ್ಲಿನ ಜನ ನೂರಕ್ಕೂ ಹೆಚ್ಚು ವರ್ಷ ಹೋರಾಡಿದ ಮೇಲೆ, 2017ರ ಮಾರ್ಚ್‌ನಲ್ಲಿ ಅದಕ್ಕೆ ಕಾನೂನಿನ ವ್ಯಕ್ತಿತ್ವ ಕೊಟ್ಟರು. ನದಿಯ ಪರವಾಗಿ ಮಾತಾಡಲು ಇಬ್ಬರು, ಒಬ್ಬರನ್ನು ಕುಲದವರು, ಒಬ್ಬರನ್ನು ಸರಕಾರ ನೇಮಿಸುತ್ತದೆ. ತಮಾಷೆ ನೋಡಿ, ಅದೇ ತಿಂಗಳು ನಮ್ಮ ಉತ್ತರಾಖಂಡ ಹೈಕೋರ್ಟ್ ಗಂಗೆ ಯಮುನೆಯರನ್ನೂ ವ್ಯಕ್ತಿಗಳು ಅಂದಿತು, ಜುಲೈನಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅಲ್ಲಿ ಒಪ್ಪಂದ ಮಾಡಿಕೊಂಡು, ಹಣ ಇಟ್ಟು, ಯಾರು ಮಾತಾಡಬೇಕೆಂದು ನಿಗದಿ ಮಾಡಿದರು. ಇಲ್ಲಿ ತೀರ್ಪಿನಲ್ಲಿ ಅಧಿಕಾರಿಗಳನ್ನೇ ಪೋಷಕರನ್ನಾಗಿ ಮಾಡಿದ್ದರು. ಮುಂದಿನ ರಾಜ್ಯದಲ್ಲಿ ನದಿ ತುಂಬಿ ಹರಿದು ಹಾನಿಯಾದರೆ ಯಾರ ಮೇಲೆ ದಾವೆ ಹಾಕಬೇಕು ಎಂಬುದಕ್ಕೇ ಉತ್ತರ ಇರಲಿಲ್ಲ.

ನಮಗೆ ಹತ್ತಿರದ ಹೋಲಿಕೆ ನದಿಯದ್ದಲ್ಲ, ಸೋಲಿಗರದ್ದೇ. ಬಿಳಿಗಿರಿ 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ 2006ರ ಅರಣ್ಯ ಹಕ್ಕು ಕಾಯಿದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲಿ ಅದೇ ಮೊದಲು. ಅದರ ಹಿಂದೆ ದೊಡ್ಡ ಕೆಲಸವೆಂದರೆ ನಿಮ್ಮವರೇ ಕಾಡು ತಿರುಗಿ ಎಲ್ಲೆಗಳನ್ನು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿಯಂಥ ಪೂಜೆಯ ಜಾಗಗಳನ್ನು, ನಕ್ಷೆಯ ಮೇಲೆ ಗುರುತಿಸಿದ್ದು. ಸೋಲಿಗರೇ ಆದ ಡಾ. ಸಿ. ಮಾದೇಗೌಡರ ಪಾಲು ಅದರಲ್ಲಿ ದೊಡ್ಡದು. ತಂಗಿ, ಆ ನಕ್ಷೆಯ ಒಂದು ಪ್ರತಿ ನಿಮ್ಮ ಅತಿಥಿಗಳಿಗೆ ತೋರಿಸಿ. ಅವರಿಗೆ ಅದು ಚೆನ್ನಾಗಿ ಅರ್ಥವಾಗುತ್ತದೆ.

ತುಂಗಾತೀರ:
ಒಂದು ಸಣ್ಣ ಕುತೂಹಲ. ಅಲ್ಲಿ ಹಾಡಿದ್ದು ಯಾವ ಭಾಷೆ? ಸೋಲಿಗರದ್ದು ಕನ್ನಡದ ಉಪಭಾಷೆ ತಾನೆ?

ನೇರಮಾತು:
ಕನ್ನಡವೇ. ಇದರಲ್ಲೂ ಬೇರೆ ಭಾಷೆ ಅಂತ ಒಡೆಯೋದು ಬೇಡ.

ದೊಡ್ಡಸಂಪಿಗೆ:
ನಾನು ಕನ್ನಡ ಶಾಲೇಲಿ ಓದಿದೋಳು, ಈಗ ಕನ್ನಡದಲ್ಲೇ ಬರೀತಿದೀನಿ, ಇಷ್ಟಪಟ್ಟೇ ಬರೀತಿದೀನಿ. ಆದರೆ ಒಂದನೇ ತರಗತೀಲಿ ಮೇಷ್ಟ್ರು ಹೇಳಿದ್ದು ಅರ್ಥ ಆಗದೆ ಮೂರು ತಿಂಗಳು ಸುಮ್ಮನೆ ಕೂತಿದ್ದೆ. ಉಪಭಾಷೆಯೋ ಭಾಷೆಯೋ ಅದು ಪಂಡಿತರು ತೀರ್ಮಾನಿಸಲಿ. ಆಂಗ್ ಸಿ ಅನ್ನೋ ಭಾಷಾವಿಜ್ಞಾನಿ ನಮ್ಮ ಪೋಡುಗಳಲ್ಲಿ ಇದ್ದು, ಗಿಡ ಹಕ್ಕಿ ಜೇನಿಗೆ ನಾವು ಇಟ್ಟ ಹೆಸರುಗಳನ್ನ ದಾಖಲು ಮಾಡಿದಾರೆ. ಮಾವೊರಿಗಳಲ್ಲಿ ಮಕ್ಕಳು ಮಾತು ಮರೀತಿದಾರೆ ಅಂತ ಗೊತ್ತಾದಾಗ 1982ರಲ್ಲಿ ಅಜ್ಜಿಯರೇ ಶಿಶುವಿಹಾರ ಶುರು ಮಾಡಿದರು, 'ಭಾಷೆಯ ಗೂಡು' ಅಂತ ಅದರ ಹೆಸರು. 1987ರಲ್ಲಿ ಅದು ಅಧಿಕೃತ ಭಾಷೆ ಆಯ್ತು. ನಮ್ಮ ಅಂಗನವಾಡೀಲಿ ಹಾಗೊಂದು ಅಜ್ಜಿ ಕೂತರೆ ಕನ್ನಡಕ್ಕೆ ಏನು ನಷ್ಟ?

ಗುಂಡ್ಲುಪೇಟೆ ಮೇಷ್ಟ್ರು:
ಏನೂ ನಷ್ಟವಿಲ್ಲ. ಒಂದನೇ ತರಗತಿಯಲ್ಲಿ ಹಾಗೆ ಸುಮ್ಮನೆ ಕೂತ ಮಕ್ಕಳನ್ನು ನಾನು 'ಮಂದ' ಎಂದು ರಿಜಿಸ್ಟರಿನಲ್ಲಿ ಬರೆದಿದ್ದೇನೆ. ಇವತ್ತು ರಾತ್ರಿ ನಿದ್ದೆ ಬರುವುದಿಲ್ಲ.

ನಿರ್ವಾಹಕ:
ಭಾಷೆ ವಿಚಾರ ಬೇರೆ ಎಳೆಯಲ್ಲಿ ಮುಂದುವರಿಸಿ. ಮೂರು ಉತ್ತರ ತೆಗೆದಿದ್ದೇನೆ. ಅವರು ಕೇಳಿದ ಸಹಾಯಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ ಅನ್ನೋದು ನೆನಪಿರಲಿ.

ಕರಿಕೋಟು:
ನಾಚಿಕೆ ಆಯಿತು, ತಗೊಳ್ಳಿ. ವಿದೇಶಿಯರನ್ನು ಮನೆಯಲ್ಲಿ ಉಳಿಸಿಕೊಂಡರೆ 24 ಗಂಟೆಯೊಳಗೆ ಅವರ ವಿವರದ ಫಾರಂ (ಜನ ಸಿ ಫಾರಂ ಅನ್ನುವುದು, 2025ರ ಹೊಸ ನಿಯಮದಲ್ಲಿ ಫಾರಂ 3) ತುಂಬಬೇಕು. ಹೋಟೆಲಿಗೆ ಮಾತ್ರ ಅಲ್ಲ, ಖಾಸಗಿ ಮನೆಗೂ ಅನ್ವಯ. ಆನ್‌ಲೈನ್‌ನಲ್ಲೇ ಆಗುತ್ತದೆ. ಮನೆಯ ಯಜಮಾನರ ಹೆಸರಿನಲ್ಲಿ ಮೊದಲೇ ನೋಂದಣಿ ಮಾಡಿಸಿಡಿ. ಅದರಲ್ಲೂ ಪೂರ್ತಿ ವಿಳಾಸ ಕೇಳುತ್ತದೆ, ಬಾಗಿಲಿದೆ ನಂಬರಿಲ್ಲ ಎಂದರೆ ಅದು ಒಪ್ಪುವುದಿಲ್ಲ, ಪಂಚಾಯಿತಿಯಿಂದ ಒಂದು ವಾಸದ ದೃಢೀಕರಣ ತಗೊಂಡು ಅದರಲ್ಲಿರುವಂತೆ ಬರೆಯಿರಿ. ಅರಣ್ಯ ಇಲಾಖೆಗೆ ಬರವಣಿಗೆಯಲ್ಲಿ ತಿಳಿಸಿ. ಅರ್ಜಿ ನಿಮ್ಮೊಬ್ಬರ ಹೆಸರಿನಲ್ಲಿ ಬೇಡ, ಗ್ರಾಮಸಭೆಯ ನಿರ್ಣಯದ ಪ್ರತಿ ಲಗತ್ತಿಸಿ ಗ್ರಾಮಸಭೆಯ ಅಧ್ಯಕ್ಷರಿಂದ ಹೋಗಲಿ.

ಹಳೇ ವಾಚರ್:
ವಕೀಲರು ಹೇಳಿದ್ದು ಸರಿ. ಒಂದು ತಿಂಗಳು ಮುಂಚೆ ಕೊಡಿ. ಕೊಟ್ಟ ಕಾಗದಕ್ಕೆ ಸೀಲು ಹಾಕಿಸಿದ ಪ್ರತಿ ಇಟ್ಕೊಳಿ. ಅವರ ಕೈಲಿ ಡ್ರೋನ್ ಗೀನ್ ಇರಬಾರದು. ಬೇಕಾದ್ರೆ ನಾನೇ ಜೊತೇಲಿ ಬಂದು ಆಫೀಸಲ್ಲಿ ಮಾತಾಡ್ತೀನಿ. ಹಳಬರು ಒಬ್ಬಿಬ್ಬರು ಇನ್ನೂ ಗುರುತು ಹಿಡೀತಾರೆ.

ದೊಡ್ಡಸಂಪಿಗೆ:
ಸರ್, ಬನ್ನಿ. ಅಜ್ಜಿಗೆ ನೀವು ಯಾರು ಅಂತ ಹೇಳೇ ಕರ್ಕೊಂಡು ಹೋಗ್ತೀನಿ, ಆಮೇಲೆ ನಿಮ್ಮಿಬ್ಬರದು.

ನಿನ್ನೆ ಅಜ್ಜಿಗೆ ಇದನ್ನೆಲ್ಲ ಓದಿ ಹೇಳಿದೆ. ಸಿ ಫಾರಂ, ನಿರ್ಣಯ, ಸೀಲು ಒಂದೂ ಆಕೆಗೆ ಬೇಕಾಗಿಲ್ಲ. ಜೇನು ಡಬ್ಬಕ್ಕೆ ಹಾಕಿದ ಸಿಟ್ಟು ಇನ್ನೂ ಇಳಿದಿಲ್ಲ, 'ಇಲ್ಲಿಗೆ ಬರಲಿ, ನಮ್ಮನೇಲೇ ಕೂರಿಸಿ ಕುಡಿಸ್ತೀನಿ, ಯಾವನು ಕಿತ್ಕೋತಾನೆ ನೋಡ್ತೀನಿ' ಅಂತಾಳೆ. ಆಮೇಲೆ ಅವರಲ್ಲಿ ಹೆಂಗಸು ಗೇಟಿನ ಹತ್ತಿರ ನಿಂತು ಕೂಗಿ ಕರೀತಾರೆ ಅಂದೆನಲ್ಲ, ಅದು ತಲೇಲಿ ಕೂತಿದೆ. 'ನಮ್ಮ ಗೇಟು ಯಾವುದು ಮಗಾ' ಅಂದಳು. ಪೋಡಿಗೆ ಗೇಟಿಲ್ಲ. ಬೆಟ್ಟಕ್ಕೆ ಇರೋ ಗೇಟು ಅಂದರೆ ಚೆಕ್‌ಪೋಸ್ಟೇ. ಸ್ವಲ್ಪ ಹೊತ್ತು ಯೋಚನೆ ಮಾಡಿ, 'ಹಂಗಾದ್ರೆ ಅಲ್ಲೇ ನಿಂತು ಕರೀತೀನಿ, ಬಸ್ಸಿಂದ ಇಳಿಸು' ಅಂದಳು. ಮೊಮ್ಮಗಳಿಗೆ ಮೆಸೇಜ್ ಕಳಿಸಿದೀನಿ, ಬ್ಯಾರಿಕೇಡ್‌ನ ಆಚೆ ಕಡೆ ನಿಂತು ಉತ್ತರ ಕೊಡೋಕೆ ರೆಡಿ ಇರು ಅಂತ.

ಹಳೇ ವಾಚರ್:
ಮಧ್ಯಾಹ್ನದ ಬಸ್ಸಿಗೆ ಕರ್ಕೊಂಡು ಬನ್ನಿ. ಕೊನೇ ಬಸ್ಸು ನಂಬಬೇಡಿ, ಕತ್ತಲಾದ ಮೇಲೆ ಆ ತಿರುವಲ್ಲಿ ಆನೆ ನಿಂತಿರ್ತವೆ.